ಸ್ಟೇಷನರಿಗೆ ‘ಎ’ ಹಾಕಬೇಕಾ, ‘ಇ’ ಹಾಕಬೇಕಾ?

ಪ್ರಶ್ನೆ: ತಿಪಟೂರು ಕಡೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮೀಡಿಯಂ. ಮೇಲಿನ ಕಚೇರಿಗೆ ಹೋಗುವ ಕೆಲವು ಪತ್ರಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಒಂದೇ ಥರ ಕೇಳಿಸುವ ಪದ ಬಂದರೆ ಕೈ ನಿಂತುಬಿಡುತ್ತದೆ. ಪ್ರಿನ್ಸಿಪಲ್, ಸ್ಟೇಷನರಿ, ದೇರ್, ಇಟ್ಸ್, ಲೂಸ್, ಅಡ್ವೈಸ್, ಹೀಗೆ. ಅಂಗಡಿಯಿಂದ ಇಂಥ ಪದಗಳ ಪಟ್ಟಿ ಇರುವ ಪುಸ್ತಕ ತಂದು ಬಾಯಿಪಾಠ ಮಾಡಿದೆ. ಪಟ್ಟಿಯನ್ನು ಒಪ್ಪಿಸಬಲ್ಲೆ, ಪತ್ರ ಬರೆಯುವಾಗ ಮತ್ತೆ ಅದೇ ತಪ್ಪು. ಕಂಪ್ಯೂಟರ್ ಕೂಡ ಕೆಂಪು ಗೆರೆ ಹಾಕುವುದಿಲ್ಲ. ಈಚೆಗೆ ಒಂದು ಮೀಟಿಂಗಿನಲ್ಲಿ ಎಲ್ಲರೆದುರು ನನ್ನ ಪತ್ರ ಓದಿ ತಪ್ಪು ತೋರಿಸಿದರು. ವಾರ ಅನ್ನುವ ‘ವೀಕ್’ ಯಾವುದು, ಶಕ್ತಿ ಇಲ್ಲದ ‘ವೀಕ್’ ಯಾವುದು ಅಂತ ಇವತ್ತಿಗೂ ಫೋನಿನಲ್ಲಿ ನೋಡಿಕೊಂಡೇ ಬರೆಯುತ್ತೇನೆ. ಇದಕ್ಕೆ ದಾರಿ ಇದೆಯಾ?

ಉತ್ತರ: ದಾರಿ ಇದೆ. ಅದಕ್ಕೆ ಮೊದಲು ಒಂದು ಮಾತು. ಎಲ್ಲರೆದುರು ನಿಮ್ಮ ಪತ್ರ ಓದಿ ತೋರಿಸಿದ್ದು ಸರಿಯಲ್ಲ. ಇವೆಲ್ಲ ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ದಿನಾ ಮಾಡುವ ತಪ್ಪುಗಳು. ಲಂಡನ್ನಿನಲ್ಲಿ ಹುಟ್ಟಿ ಬೆಳೆದವರೂ ‘ಇಟ್ಸ್’ ಬರೆಯುವಾಗ ಎಡವುತ್ತಾರೆ. ಅವರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ, ನಿಮಗೆ ಕನ್ನಡ ಗೊತ್ತು. ಅದು ಹೇಗೆ ಕೈಹಿಡಿಯುತ್ತದೆ ಅಂತ ಮುಂದೆ ತೋರಿಸುತ್ತೇನೆ.

ಓದುವಾಗ ಒಂದು ಪೆನ್ನು, ಒಂದು ಹಾಳೆ ಇಟ್ಟುಕೊಳ್ಳಿ. ಇಂಗ್ಲಿಷ್ ಅಕ್ಷರಗಳನ್ನು ನಾನು ಎ, ಇ, ಐ, ಓ, ಯು ಅಂತ ಹೆಸರು ಹಿಡಿದು ಹೇಳುತ್ತಾ ಹೋಗುತ್ತೇನೆ. ನೀವು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾ ಬನ್ನಿ.

ಪಟ್ಟಿ ಕೈಕೊಡುವುದಕ್ಕೆ ಕಾರಣ ಇದೆ. ಪಟ್ಟಿಯಲ್ಲಿ ಎರಡೂ ಪದ ಅಕ್ಕಪಕ್ಕ ಕೂತಿರುತ್ತವೆ. ನೀವು ಅವನ್ನು ಜೋಡಿಯಾಗಿಯೇ ತಲೆಗೆ ತುಂಬಿಕೊಳ್ಳುತ್ತೀರಿ. ಬರೆಯುವ ಹೊತ್ತಿಗೆ ಒಂದನ್ನು ಕರೆದರೆ ಎರಡೂ ಓಡಿ ಬರುತ್ತವೆ. ಬೀದಿಯಲ್ಲಿ ಅವಳಿ ಮಕ್ಕಳಿದ್ದಾರೆ ಅಂದುಕೊಳ್ಳಿ. ಸದಾ ಜೊತೆಯಲ್ಲೇ ನೋಡಿದವರಿಗೆ ಯಾರು ಯಾರು ಅಂತ ಗೊತ್ತಾಗುವುದಿಲ್ಲ. ಒಬ್ಬನನ್ನು ದಿನಾ ಅಪ್ಪನ ಅಂಗಡಿಯಲ್ಲಿ ನೋಡಿ, ಇನ್ನೊಬ್ಬನನ್ನು ಹಾಲಿನ ಡೇರಿ ಹತ್ತಿರ ನೋಡಿ. ಹದಿನೈದು ದಿನದಲ್ಲಿ ಇಬ್ಬರೂ ಬೇರೆ ಬೇರೆ ಅಂತ ಕಣ್ಣಿಗೆ ಕಾಣುತ್ತದೆ. ಪದಗಳೂ ಹಾಗೇ. ಒಂದೊಂದಕ್ಕೂ ಅದರದೇ ಜಾಗ, ಅದರದೇ ನೆಂಟರನ್ನು ತೋರಿಸಬೇಕು.

ಇದನ್ನು ನನಗೆ ಕಲಿಸಿದ್ದು ಎಂಟನೇ ಕ್ಲಾಸಿನ ಒಬ್ಬ ಹುಡುಗಿ. ಡಿಕ್ಟೇಷನ್ ಕೊಡುತ್ತಿದ್ದೆ. ‘ರೈಟ್’ ಅಂದೆ. ಎಲ್ಲರೂ ಏನೋ ಒಂದು ಗೀಚಿದರು. ಅವಳು ಪೆನ್ಸಿಲ್ ಎತ್ತಿ ಕೇಳಿದಳು, “ಯಾವ ರೈಟು? ಬಸ್ಸಿನ ರೈಟಾ, ಬರೆಯೋ ರೈಟಾ?” ಕಂಡಕ್ಟರ್ ಸೀಟಿ ಊದಿ ‘ರೈಟ್ ರೈಟ್’ ಅನ್ನುತ್ತಾರಲ್ಲ, ಆ ರೈಟ್ ಅವಳ ತಲೆಯಲ್ಲಿ ಬಸ್ಸಿನ ಬಾಗಿಲಲ್ಲಿ ನಿಂತಿತ್ತು. ಬರೆಯುವ ರೈಟ್ ನೋಟ್‌ಬುಕ್ಕಿನಲ್ಲಿತ್ತು. ಅವಳಿಗೆ ಆಮೇಲೆ ಒಂದು ಸಲವೂ ಅದು ತಪ್ಪಲಿಲ್ಲ. ಅವತ್ತಿನಿಂದ ಜೋಡಿ ಪದಗಳ ಚಾರ್ಟನ್ನು ಗೋಡೆಯಿಂದ ತೆಗೆದುಹಾಕಿದೆ.

ಈಗ ನಿಮ್ಮ ಪದಗಳನ್ನು ಎರಡು ಗುಡ್ಡೆ ಮಾಡಿಕೊಳ್ಳೋಣ. ಮೊದಲನೆಯದು, ಇಂಗ್ಲಿಷಿನಲ್ಲೇ ನಿಜವಾಗಿ ಒಂದೇ ಉಚ್ಚಾರ ಇರುವ ಪದಗಳು. ಗ್ರಾಮರ್ ಪುಸ್ತಕದಲ್ಲಿ ಇವಕ್ಕೆ ಹೋಮೋಫೋನ್ ಅಂತ ಹೆಸರು. ಪ್ರಿನ್ಸಿಪಲ್, ಸ್ಟೇಷನರಿ, ದೇರ್, ಇಟ್ಸ್, ವೀಕ್ ಈ ಗುಡ್ಡೆಗೆ ಸೇರುತ್ತವೆ. ಎರಡನೆಯದು, ಇಂಗ್ಲಿಷಿನಲ್ಲಿ ಬೇರೆ ಬೇರೆ ಉಚ್ಚಾರ ಇದ್ದು ನಮ್ಮ ಬಾಯಲ್ಲಿ ಮಾತ್ರ ಒಂದಾಗುವ ಪದಗಳು. ಲೂಸ್, ಅಡ್ವೈಸ್ ಇದರಲ್ಲಿ ಬರುತ್ತವೆ. ಎರಡು ಗುಡ್ಡೆಗೂ ಬೇರೆ ಬೇರೆ ಮದ್ದು. ಅಂಗಡಿಯ ಪಟ್ಟಿಗಳಲ್ಲಿ ಎರಡನ್ನೂ ಕಲಸಿಬಿಟ್ಟಿರುತ್ತಾರೆ, ತೊಂದರೆ ಅಲ್ಲೇ ಶುರುವಾಗುತ್ತದೆ.

ಮೊದಲ ಗುಡ್ಡೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವುದು ಸಣ್ಣ ಪದಗಳಲ್ಲಿ. ದೇರ್, ಇಟ್ಸ್, ಯುವರ್, ಹೂಸ್. ಪ್ರತಿ ಪತ್ರದಲ್ಲೂ ಬರುತ್ತವೆ, ಹಾಗಾಗಿ ಇವು ಸರಿಹೋದರೆ ಅರ್ಧ ಭಾರ ಇಳಿದ ಹಾಗೆ. ಕನ್ನಡ ಕೈಹಿಡಿಯುವುದು ಇಲ್ಲೇ. ಅನುಮಾನ ಬಂದ ತಕ್ಷಣ ಆ ಪದವನ್ನು ಮನಸ್ಸಿನಲ್ಲಿ ಕನ್ನಡ ಮಾಡಿ. ‘ಅದರ’ ಅಂತ ಬಂದರೆ ‘ಇಟ್ಸ್’ ಮೇಲೆ ಅಪಾಸ್ಟ್ರಫಿ ಬೇಡ, ಅಂದರೆ ಆ ಸಣ್ಣ ಕೊಕ್ಕೆ ಬೇಡ. ‘ಅದು’ ಅಂತ ಬಂದರೆ ಕೊಕ್ಕೆ ಬೇಕು, ಯಾಕೆಂದರೆ ಅದು ‘ಇಟ್ ಈಸ್’ ಎಂಬುದರ ಮೊಟಕು ರೂಪ. ಹಸು ಮತ್ತು ಅದರ ಕರು ಅನ್ನುವಾಗ ಕೊಕ್ಕೆ ಇಲ್ಲ. ಅದು ಒಳ್ಳೆಯ ಹಸು ಅನ್ನುವಾಗ ಕೊಕ್ಕೆ ಇದೆ. ಅಷ್ಟೇ.

ಅದೇ ದಾರಿಯಲ್ಲಿ ‘ನಿಮ್ಮ’ ಅಂದರೆ ಕೊಕ್ಕೆ ಇಲ್ಲದ ಯುವರ್, ‘ನೀವು’ ಅಂದರೆ ಕೊಕ್ಕೆ ಇರುವ ಯು ಆರ್. ‘ಯಾರ’ ಅಂದರೆ ಎಸ್-ಇ ಎಂದು ಮುಗಿಯುವ ಹೂಸ್, ‘ಯಾರು’ ಅಂದರೆ ಕೊಕ್ಕೆ ಇರುವುದು. ‘ಅವರ’ ಅಂದರೆ ಟಿ-ಎಚ್-ಇ-ಐ-ಆರ್. ‘ಅವರು’ ಅಂದರೆ ದೇ ಆರ್, ಕೊಕ್ಕೆ ಹಾಕಿ. ಗಮನಿಸಿ, ನಮ್ಮಲ್ಲಿ ಷಷ್ಠಿ ವಿಭಕ್ತಿ ಬಂದ ಕಡೆಯೆಲ್ಲ ಪದ ‘ಅ’ ಕಾರದಲ್ಲಿ ಮುಗಿಯುತ್ತದೆ. ಅದರ, ನಿಮ್ಮ, ಯಾರ, ಅವರ. ಇಂಗ್ಲಿಷಿನಲ್ಲಿ ಅಲ್ಲೆಲ್ಲ ಕೊಕ್ಕೆ ಇಲ್ಲ. ನಮ್ಮ ಕಿವಿ ಆ ‘ಅ’ವನ್ನು ತಪ್ಪದೆ ಹಿಡಿಯುತ್ತದೆ. ಬರೀ ಇಂಗ್ಲಿಷ್ ಗೊತ್ತಿರುವ ಮಗುವಿಗೆ ಎರಡೂ ಒಂದೇ ಥರ ಕೇಳಿಸುತ್ತದೆ, ಪರೀಕ್ಷೆ ಮಾಡಿಕೊಳ್ಳಲು ಇನ್ನೊಂದು ಭಾಷೆ ಇಲ್ಲ. ನಿಮ್ಮ ಕೈಯಲ್ಲಿ ಅಳತೆಗೋಲೇ ಇದೆ.

ಹೆಸರುಪದದ ಮಾತು ಬೇರೆ, ಅದನ್ನು ಇಲ್ಲಿ ಕಲಸಬೇಡಿ. ‘ರೈತನ ಹೊಲ’ ಅನ್ನುವಾಗ ರೈತನಿಗೆ ಕೊಕ್ಕೆ ಹಾಕಲೇಬೇಕು. ಕೊಕ್ಕೆ ಬೇಡ ಅಂದಿದ್ದು ಅದರ, ನಿಮ್ಮ, ಯಾರ, ಅವರ ಎಂಬ ಸರ್ವನಾಮಗಳಿಗೆ ಮಾತ್ರ. ಹಿಸ್, ಅವರ್ ಬರೆಯುವಾಗ ನೀವು ಕೊಕ್ಕೆ ಹಾಕುವುದಿಲ್ಲ ಅಲ್ವಾ? ಇಟ್ಸ್ ಅದೇ ಮನೆಯದು.

ಉಳಿದದ್ದು ‘ಅಲ್ಲಿ’ ಅನ್ನುವ ದೇರ್. ಟಿ-ಎಚ್-ಇ-ಆರ್-ಇ. ಅದರೊಳಗೆ ‘ಹಿಯರ್’ ಇದೆ, ನೋಡಿ. ‘ವೇರ್’ ಒಳಗೂ ಇದೆ. ಇಲ್ಲಿ, ಅಲ್ಲಿ, ಎಲ್ಲಿ, ಮೂರೂ ಒಂದೇ ಮನೆಯವು, ಮೂರರ ಕೊನೆಯಲ್ಲೂ ಅದೇ ನಾಲ್ಕು ಅಕ್ಷರ. ಒಂದು ಎಚ್ಚರಿಕೆ. ‘ದೇರ್ ಈಸ್ ಎ ಪ್ರಾಬ್ಲಂ’ ಅನ್ನುವಾಗ ಕನ್ನಡದಲ್ಲಿ ‘ಅಲ್ಲಿ’ ಬರುವುದಿಲ್ಲ, ಸುಮ್ನೆ ‘ಒಂದು ಸಮಸ್ಯೆ ಇದೆ’ ಅನ್ನುತ್ತೇವೆ. ಹಾಗಾಗಿ ‘ಅವರ’ವೂ ಅಲ್ಲ, ‘ಅವರು’ವೂ ಅಲ್ಲ ಅಂದರೆ ಈ ದೇರ್ ಹಾಕಿ.

ಇಂಗ್ಲಿಷ್ ಯಾಕೆ ಹೀಗಿದೆ ಅಂತ ಸ್ವಲ್ಪ ಹೇಳುತ್ತೇನೆ. ಇದು ತಿಳಿದರೆ ಬರೆಯುವುದು ನಿಜಕ್ಕೂ ಸುಲಭವಾಗುತ್ತದೆ. ಈ ಪದಗಳಲ್ಲಿ ಎಷ್ಟೋ ಹಿಂದೆ ಒಂದೇ ಥರ ಕೇಳಿಸುತ್ತಿರಲಿಲ್ಲ. ರಾತ್ರಿ ಅನ್ನುವ ‘ನೈಟ್’, ಕುದುರೆ ಸವಾರ ಯೋಧ ಅನ್ನುವ ‘ನೈಟ್’ ನೋಡಿ. ಎರಡನೆಯದರ ಮೊದಲಲ್ಲಿ ಕೆ ಇದೆ. 600 ವರ್ಷದ ಹಿಂದೆ ಆ ಕೆ ಬಾಯಲ್ಲೂ ಇತ್ತು. ಹೆಚ್ಚುಕಮ್ಮಿ ‘ಕ್ನಿಹ್ತ್’ ಅಂತ ಹೇಳುತ್ತಿದ್ದರು. ಜಿ-ಎಚ್ ಕೂಡ ಗಂಟಲಿನಿಂದ ಬರುವ ಒಂದು ಸದ್ದಾಗಿತ್ತು. ಬರೆಯುವ ‘ರೈಟ್’ನ ಮೊದಲಲ್ಲಿರುವ ಡಬ್ಲ್ಯು ಕೂಡ ಆಗ ಕೇಳಿಸುತ್ತಿತ್ತು. ಆಮೇಲೆ ಒಂದೊಂದೇ ಸದ್ದು ಬಿದ್ದುಹೋಯಿತು. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಅದೇ ಹೊತ್ತಿನಲ್ಲಿ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಶುರು ಮಾಡಿದರು. ಅಚ್ಚಿನ ಮೊಳೆಗಳಲ್ಲಿ ಹಳೆಯ ಕಾಗುಣಿತ ನಿಧಾನಕ್ಕೆ ಗಟ್ಟಿಯಾಗುತ್ತಾ ಹೋಯಿತು. ಬಾಯಿ ಮಾತ್ರ ಮುಂದೆ ಹೋಯಿತು.

ಕನ್ನಡದಲ್ಲೂ ಸದ್ದುಗಳು ಹೀಗೆ ಕೂಡಿಕೊಂಡಿವೆ. ಹಳಗನ್ನಡದಲ್ಲಿ ‘ಱ’ ಅನ್ನುವ ಬೇರೆ ಅಕ್ಷರ ಇತ್ತು, ಶಕಟರೇಫೆ. ಹೆಸರು ಹಿಡಿದು ಕೂಗುವುದು ‘ಕರೆ’. ಹಸುವಿನ ಹಾಲು ಹಿಂಡುವುದು ‘ಕಱೆ’. ಶತ್ರು ಅಂದರೆ ‘ಅರಿ’, ತಿಳಿ ಅಂದರೆ ‘ಅಱಿ’. ಬಾಯಲ್ಲಿ ಎರಡೂ ಒಂದಾದಾಗ ನಾವು ಆ ಅಕ್ಷರವನ್ನೂ ಬಿಟ್ಟೆವು. ಈಗ ಎರಡಕ್ಕೂ ಒಂದೇ ಬರಹ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನವರು ಸದ್ದು ಬಿಟ್ಟರು, ಅಕ್ಷರ ಇಟ್ಟುಕೊಂಡರು. ಇದೇ ವ್ಯತ್ಯಾಸ. ಹಾಗಾಗಿ ಆ ಕಾಗುಣಿತ ಹುಚ್ಚಾಪಟ್ಟೆ ಬಂದದ್ದಲ್ಲ. ಬಹಳಷ್ಟು ಕಡೆ ಅದು ಹಳೆಯ ಉಚ್ಚಾರದ ಗುರುತು.

ಇದರಿಂದ ಒಂದು ಉಪಾಯ ಸಿಗುತ್ತದೆ. ಬರೆಯುವಾಗ ಮನಸ್ಸಿನಲ್ಲಿ ಪದವನ್ನು ಕನ್ನಡದ ಹಾಗೆ, ಒಂದಕ್ಷರವನ್ನೂ ಬಿಡದೆ ಓದಿ. ಮಾರಾಟದ ‘ಸೇಲ್’ ಎಸ್-ಎ-ಎಲ್-ಇ. ಅದು ‘ಸಾಲೆ’. ಹಡಗಿನ ಹಾಯಿ ಅನ್ನುವ ‘ಸೇಲ್’ ಎಸ್-ಎ-ಐ-ಎಲ್. ಅದು ‘ಸೈಲ್’. ಕಥೆ ‘ಟಾಲೆ’, ಬಾಲ ‘ಟೈಲ್’. ಗಂಟು ‘ಕ್ನಾಟ್’. ಜೋರಾಗಿ ಹೇಳಬೇಡಿ, ಒಳಗೊಳಗೇ ಹೇಳಿಕೊಳ್ಳಿ. ನೀವು ಹಾಗೆ ಓದಿದಾಗ ಬರುವುದು ಹಲವು ಕಡೆ ಹಳೆಯ ಇಂಗ್ಲಿಷರ ಉಚ್ಚಾರಕ್ಕೆ ತುಂಬಾ ಹತ್ತಿರ. ‘ಕ್ನೈಫ್’ ಅಂತ ಓದಿದ ಮಕ್ಕಳನ್ನು ನಾವು ಗದರುತ್ತೇವೆ. ಉಚ್ಚಾರ ತಿದ್ದೋಣ, ಆದರೆ ಕಾಗುಣಿತ ನೆನಪಿಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿ ಆ ಮಗುವಿಗೆ ಇಲ್ಲ.

ಈಗ ನಿಮ್ಮ ಆಫೀಸಿನ ಪದಗಳು. ಪ್ರಿನ್ಸಿಪಲ್‌ನಿಂದ ಶುರು ಮಾಡೋಣ. ಕೊನೆಗೆ ಎ-ಎಲ್ ಇರುವುದಕ್ಕೆ ‘ಮುಖ್ಯ’ ಅಂತ ಅರ್ಥ. ಕಾಲೇಜಿನ ಪ್ರಿನ್ಸಿಪಲ್ ಅಂದರೆ ಮುಖ್ಯ ಅಧ್ಯಾಪಕರು. ಸಾಲದ ಪ್ರಿನ್ಸಿಪಲ್ ಅಂದರೆ ಮುಖ್ಯ ಮೊತ್ತ. ಲೋಕಲ್, ಫೈನಲ್, ಜನರಲ್ ಎಲ್ಲ ಎ-ಎಲ್ ಎಂದೇ ಮುಗಿಯುತ್ತವಲ್ಲ, ಇದು ಅವುಗಳ ನೆಂಟ. ಎಲ್-ಇ ಎಂದು ಮುಗಿಯುವುದು ತತ್ತ್ವ, ನಿಯಮ. ‘ರೂಲ್’ ಕೂಡ ಎಲ್-ಇ ಎಂದೇ ಮುಗಿಯುತ್ತದೆ. ಇಂಗ್ಲಿಷ್ ಶಾಲೆಗಳಲ್ಲಿ ಇದಕ್ಕೆ ‘ಪಾಲ್’, ಅಂದರೆ ಗೆಳೆಯ, ಅನ್ನುವ ಪದ ಇಟ್ಟುಕೊಂಡು ನೆನಪಿಡಲು ಹೇಳಿಕೊಡುತ್ತಾರೆ. ಆ ಪದವನ್ನೇ ಬಳಸದ ನಮಗೆ ಅದರಿಂದ ಏನು ಉಪಯೋಗ? ನೀವು ದಿನಾ ಲೆಡ್ಜರಿನಲ್ಲಿ ಬರೆಯುವ ಪದವೇ ಇದೆ, ಅಸಲು. ಮೊದಲು ಅ, ಕೊನೆಗೆ ಲ. ಎ ಮತ್ತು ಎಲ್. ಅಸಲು, ಬಡ್ಡಿ ಅಂತ ಕಾಲಂ ಕಂಡಾಗಲೆಲ್ಲ ಆ ಎರಡು ಅಕ್ಷರ ನೆನಪಾಗಲಿ.

ಸ್ಟೇಷನರಿಯ ಕಥೆ ನನಗೆ ತುಂಬಾ ಇಷ್ಟ. ಮಧ್ಯಯುಗದ ಯುರೋಪಿನಲ್ಲಿ ಹೆಚ್ಚಿನ ವ್ಯಾಪಾರಿಗಳು ಊರೂರು ತಿರುಗಿ ಮಾರುತ್ತಿದ್ದರು. ಪುಸ್ತಕ, ಕಾಗದದ ವ್ಯಾಪಾರಿ ಮಾತ್ರ ವಿಶ್ವವಿದ್ಯಾಲಯದ ಹತ್ತಿರ ಒಂದೇ ಕಡೆ ನೆಲೆನಿಂತು ಅಂಗಡಿ ಇಟ್ಟುಕೊಳ್ಳುತ್ತಿದ್ದ. ನಿಂತಲ್ಲೇ ನಿಂತವನು, ಹಾಗಾಗಿ ಅವನು ‘ಸ್ಟೇಷನರ್’. ಲಂಡನ್ನಿನಲ್ಲಿ ಇವರ ಸಂಘ 1403ರಲ್ಲೇ ಹುಟ್ಟಿತು, 1557ರಲ್ಲಿ ಅದಕ್ಕೆ ರಾಜಮನ್ನಣೆ ಸಿಕ್ಕಿತು. ಸ್ಟೇಷನರ್ ಮಾರುವ ಸರಕು ಸ್ಟೇಷನರಿ. ಅಂದರೆ ನಿಂತಿರುವ ಸ್ಟೇಷನರಿ, ಕಾಗದ-ಪೆನ್ನಿನ ಸ್ಟೇಷನರಿ ಎರಡೂ ಒಂದೇ ಬೇರಿನವು. ಹೀಗಿರುವಾಗ ನಮಗೆ ಗೊಂದಲ ಆಗುವುದು ಸಹಜವೇ. ಬಿಡಿಸಿಕೊಳ್ಳುವುದು ಹೇಗೆ? ‘ಬೇಕರಿ’ ನೋಡಿ. ಬೇಕರ್‌ಗೆ ವೈ ಸೇರಿ ಬೇಕರಿ. ಸ್ಟೇಷನರ್‌ಗೆ ವೈ ಸೇರಿ ಸ್ಟೇಷನರಿ. ಎರಡರಲ್ಲೂ ಇ-ಆರ್-ವೈ. ಅಂಗಡಿಯ ಸಾಮಾನು ಅಂದರೆ ಬೇಕರಿಯ ಬೋರ್ಡ್ ನೆನಪು ಮಾಡಿಕೊಳ್ಳಿ. ನಮ್ಮಲ್ಲಿ ಬೇಕರಿ ಬೋರ್ಡ್ ಇಲ್ಲದ ಊರು ಹುಡುಕುವುದೇ ಕಷ್ಟ. ನಿಂತ ಬಸ್ಸಿಗೆ ಮಾತ್ರ ಎ-ಆರ್-ವೈ.

ಕಾಂಪ್ಲಿಮೆಂಟ್ ಕೂಡ ಹೀಗೇ ಒಂದೇ ಬೇರಿನ ಎರಡು ಕೊಂಬೆ. ಹೊಗಳಿಕೆ, ಗೌರವ, ಉಚಿತ ಕೊಡುಗೆ ಅಂದರೆ ನಡುವೆ ಐ. ಜಾತ್ರೆ, ಉತ್ಸವದ ಸ್ಮರಣ ಸಂಚಿಕೆಗಳಲ್ಲಿ ಜಾಹೀರಾತಿನ ಮೇಲೆ ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್ ಫ್ರಂ’ ಅಂತ ಹಾಕಿರುತ್ತಾರೆ, ಅದು ಈ ಐ ಇರುವುದು. ಪೂರ್ತಿ ಮಾಡುವುದು, ಜೊತೆಗೂಡಿ ತುಂಬಿಕೊಡುವುದು ಅಂದರೆ ಇ. ‘ಕಂಪ್ಲೀಟ್’ ಒಳಗೂ ಅದೇ ಇ ಇದೆ, ಮೊದಲ ಆರು ಅಕ್ಷರ ಎರಡರಲ್ಲೂ ಒಂದೇ.

ಸಂಘದ ಚುನಾವಣೆ ಬಂದಾಗ ‘ಕ್ಯಾನ್ವಾಸ್’ ಬರೆಯುತ್ತೀರಿ. ಮತ ಕೇಳುವುದಕ್ಕೆ ಕೊನೆಯಲ್ಲಿ ಎರಡು ಎಸ್, ದಪ್ಪ ಬಟ್ಟೆಗೆ ಒಂದೇ. ಮತ ಕೇಳಲು ಇಬ್ಬರಾದರೂ ಹೋಗುತ್ತಾರೆ ಅಂತ ಇಟ್ಟುಕೊಳ್ಳಿ. ಬ್ಯಾಂಕಿನ ಚೆಕ್ ನಮ್ಮ ದೇಶದಲ್ಲಿ ಕ್ಯೂ-ಯು-ಇ ಎಂದೇ ಮುಗಿಯುತ್ತದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್‌ನಲ್ಲಿ ಇರುವುದು ಅದೇ ರೂಪ. ಅಮೆರಿಕದವರು ಪರಿಶೀಲನೆಗೂ ಹಣದ ಚೆಕ್ಕಿಗೂ ಒಂದೇ ಕಾಗುಣಿತ ಬಳಸುತ್ತಾರೆ. ಗಾಡಿಯ ‘ಬ್ರೇಕ್’ ಎ-ಕೆ-ಇ, ಮುರಿಯುವ, ಬಿಡುವು ಕೊಡುವ ‘ಬ್ರೇಕ್’ ಇ-ಎ-ಕೆ. ‘ಬ್ರೇಕ್‌ಫಾಸ್ಟ್’ ಅಂದರೆ ಉಪವಾಸ ಮುರಿಯುವುದು, ಹಾಗಾಗಿ ಅಲ್ಲಿರುವುದು ಇ-ಎ-ಕೆ.

ಎರಡನೇ ಗುಡ್ಡೆಗೆ ಬರೋಣ. ಇಲ್ಲಿ ಕಾಗುಣಿತಕ್ಕಿಂತ ಮೊದಲು ಕಿವಿ ತಿದ್ದಬೇಕು. ನಾವು ಇಂಗ್ಲಿಷ್ ಪದವನ್ನು ಮನಸ್ಸಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತೇವೆ. ಕನ್ನಡದಲ್ಲಿ ಇಲ್ಲದ ಸದ್ದು ಅಲ್ಲೇ ಕಳೆದುಹೋಗುತ್ತದೆ. ಇಂಗ್ಲಿಷಿನ ಎಸ್ ಸದ್ದು, ಝಡ್ ಸದ್ದು ಬೇರೆ ಬೇರೆ. ನಮ್ಮಲ್ಲಿ ಹಲವರ ಬಾಯಲ್ಲಿ ಎರಡೂ ‘ಸ’. ನಿಮ್ಮ ಲೂಸ್, ಅಡ್ವೈಸ್ ಎರಡರಲ್ಲೂ ತಪ್ಪಾಗಿದ್ದು ಇದರಿಂದ. ಗಂಟಲ ಮೇಲೆ ಎರಡು ಬೆರಳಿಡಿ. ಹಾವಿನ ಹಾಗೆ ‘ಸ್ಸ್’ ಅನ್ನಿ. ಗಂಟಲು ಸುಮ್ಮನಿರುತ್ತದೆ. ಈಗ ಜೇನುಹುಳದ ಹಾಗೆ ‘ಜ಼್ಜ಼್’ ಅನ್ನಿ. ಬೆರಳಿಗೆ ಗುಂಯ್ ಅಂತ ನಡುಕ ತಾಗುತ್ತದೆ. ಸಡಿಲ ಅನ್ನುವುದು ಹಾವಿನ ಲೂಸ್, ಎರಡು ಓ. “ಲೂಸಾ ನೀನು?” ಅಂತ ಬೈಯುತ್ತೇವಲ್ಲ, ಅದೇ. ಕಳೆದುಕೊಳ್ಳುವುದು ಜೇನುಹುಳದ ಲೂಜ಼್, ಒಂದೇ ಓ. ಒಂದು ಓ ಕಳೆದುಹೋಗಿದೆ ಅಂದುಕೊಳ್ಳಿ.

ಸಲಹೆ ಅನ್ನುವ ಹೆಸರುಪದ ಹಾವಿನದು, ಅದಕ್ಕೆ ಸಿ. ಸಲಹೆ ಕೊಡು ಅನ್ನುವ ಕ್ರಿಯಾಪದ ಜೇನುಹುಳದ್ದು, ಅದಕ್ಕೆ ಎಸ್. ಈ ಒಂದು ಜೋಡಿ ಗಟ್ಟಿಯಾದರೆ ಇನ್ನೆರಡು ತಾವಾಗಿಯೇ ಸರಿಹೋಗುತ್ತವೆ. ‘ಪ್ರಾಕ್ಟಿಸ್’, ‘ಲೈಸೆನ್ಸ್’ ಎರಡಕ್ಕೂ ನಾವು ಅನುಸರಿಸುವ ಬ್ರಿಟಿಷ್ ಕಾಗುಣಿತದಲ್ಲಿ ಅದೇ ನಿಯಮ, ಹೆಸರುಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಇವುಗಳ ಉಚ್ಚಾರದಲ್ಲಿ ವ್ಯತ್ಯಾಸವೇ ಇಲ್ಲ, ಹಾಗಾಗಿ ಅಡ್ವೈಸ್ ಅನ್ನು ಮುಂದಿಟ್ಟುಕೊಂಡು ಬರೆಯಿರಿ. ಬೆಲೆಯ ಪ್ರೈಸ್, ಬಹುಮಾನದ ಪ್ರೈಜ಼್ ಕೂಡ ಹಾವು, ಜೇನುಹುಳದ ಜೋಡಿಯೇ.

ನಮ್ಮ ‘ವ’ ಇನ್ನೊಂದು ಜಾಗ. ವಿ, ಡಬ್ಲ್ಯು ಎರಡಕ್ಕೂ ನಾವು ಇದೊಂದನ್ನೇ ಹಾಕುತ್ತೇವೆ. ‘ವೈನ್’ ಅಂದರೆ ದ್ರಾಕ್ಷಿ ಬಳ್ಳಿಯೂ ಹೌದು, ದ್ರಾಕ್ಷಿಯ ಮದ್ಯವೂ ಹೌದು. ‘ವೆಟ್’ ಅಂದರೆ ದನದ ಡಾಕ್ಟರೂ ಹೌದು, ಒದ್ದೆಯೂ ಹೌದು. ಡಬ್ಲ್ಯುಗೆ ಊದುಗೊಳವೆಗೆ ಬಾಯಿಟ್ಟ ಹಾಗೆ ತುಟಿ ದುಂಡಗೆ ಮಾಡಿ, ಹಲ್ಲು ತಾಗಬಾರದು. ವಿಗೆ ಮೇಲಿನ ಹಲ್ಲನ್ನು ಕೆಳತುಟಿಗೆ ಮುಟ್ಟಿಸಿ. ಕನ್ನಡಿ ಮುಂದೆ ನಿಂತು ನಾಲ್ಕು ದಿನ ಮಾಡಿದರೆ ಸಾಕು. ಉಚ್ಚಾರ ಪೂರ್ತಿ ಬದಲಾಗಬೇಕು ಅಂತಿಲ್ಲ. ಎರಡೂ ಬೇರೆ ಅಂತ ಬಾಯಿಗೆ ಒಮ್ಮೆ ಗೊತ್ತಾದರೆ ಕೈಗೂ ಗೊತ್ತಾಗುತ್ತದೆ. ಪ, ಫ ಸಂಗತಿಯೂ ಅಷ್ಟೇ. ಹಳ್ಳಿ ಕಡೆ ಕುಡಿಯುವುದೂ ಕಾಪಿ, ಪರೀಕ್ಷೆಯಲ್ಲಿ ಹೊಡೆಯುವುದೂ ಕಾಪಿ.

ನಮ್ಮ ಉಚ್ಚಾರ ಪದವನ್ನು ತಪ್ಪು ಜೋಡಿಗೆ ಕಟ್ಟಿಬಿಡುವುದೂ ಉಂಟು. ಹಿಟ್ಟಿನ ಗಿರಣಿಗಳ ಮೇಲೆ ‘ಫ್ಲೋರ್ ಮಿಲ್’ ಅಂತ ಬೋರ್ಡ್ ನೋಡಿರುತ್ತೀರಿ. ನೆಲವೂ ಫ್ಲೋರ್, ಹಿಟ್ಟೂ ಫ್ಲೋರ್ ಅಂತ ನಮಗೆ ಅಭ್ಯಾಸ. ಇಂಗ್ಲಿಷಿನಲ್ಲಿ ಹಿಟ್ಟಿನ ಉಚ್ಚಾರ ‘ಫ್ಲವರ್’, ಹೂವಿನದೇ ಉಚ್ಚಾರ. ಹಿಂದೆ ಕಾಗುಣಿತವೂ ಒಂದೇ ಇತ್ತು. ಗೋಧಿ ಬೀಸಿ ಜರಡಿ ಹಿಡಿದಾಗ ಸಿಗುವ ತೀರಾ ನಯವಾದ ಭಾಗವನ್ನು ಗೋಧಿಯ ಹೂವು ಅಂತ ಕರೆಯುತ್ತಿದ್ದರು. ಹಾಲಿಗೆ ಕೆನೆ ಇದ್ದ ಹಾಗೆ ಗೋಧಿಗೆ ಹೂವು. ಗೊಂದಲ ಬೇಡ ಅಂತ ಆಮೇಲೆ ಕಾಗುಣಿತ ಬೇರೆ ಮಾಡಿದರು. ಹಿಟ್ಟಿಗೆ ಓ-ಯು-ಆರ್, ಹೂವಿಗೆ ಓ-ಡಬ್ಲ್ಯು-ಇ-ಆರ್. ಇದು ತಿಳಿದ ಮೇಲೆ ಮೈದಾ ಪ್ಯಾಕೆಟ್ ಓದುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ನೀವು ತಂದ ಪುಸ್ತಕದಲ್ಲಿ ‘ಸಾಸ್’ ಮತ್ತು ‘ಸೋರ್ಸ್’, ‘ಹಿಡಿದ’ ಅನ್ನುವ ‘ಕಾಟ್’ ಮತ್ತು ‘ಕೋರ್ಟ್’ ಒಂದೇ ಉಚ್ಚಾರ ಅಂತ ಕೊಟ್ಟಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಇಂಗ್ಲೆಂಡಿನ ಹೆಚ್ಚಿನವರು ಇಂಥ ಪದಗಳ ನಡುವಿನ ಆರ್ ಅನ್ನು ನುಂಗುತ್ತಾರೆ, ಹಾಗೆ ನುಂಗುವವರಿಗೆ ಅದು ಒಂದೇ. ನಾವು ಆರ್ ಅನ್ನು ಚೆನ್ನಾಗಿ ಹೇಳುತ್ತೇವೆ. ಸ್ಕಾಟ್‌ಲೆಂಡಿನವರೂ ಹೇಳುತ್ತಾರೆ. ಅಲ್ಲಿ ನಿಮಗೆ ಇಲ್ಲದ ಗೊಂದಲವನ್ನು ಪುಸ್ತಕ ನೋಡಿ ಹುಟ್ಟಿಸಿಕೊಳ್ಳುವುದು ಬೇಡ. ಅಂಥ ಪುಟಗಳನ್ನು ಹಾಗೇ ಬಿಟ್ಟು ಮುಂದೆ ಹೋಗಿ.

ಕಂಪ್ಯೂಟರ್ ಯಾಕೆ ಹಿಡಿಯುವುದಿಲ್ಲ ಅಂತಲೂ ಕೇಳಿದ್ದೀರಿ. ಕಾಗುಣಿತ ನೋಡುವ ಸಾಫ್ಟ್‌ವೇರ್ ಪದ ನಿಘಂಟಿನಲ್ಲಿ ಇದೆಯಾ ಅಂತ ನೋಡುತ್ತದೆ. ಎರಡು ಸ್ಟೇಷನರಿಯೂ ನಿಘಂಟಿನಲ್ಲಿವೆ. ಈಚಿನ ಕೆಲವು ಸಾಫ್ಟ್‌ವೇರ್‌ಗಳು ವಾಕ್ಯ ನೋಡಿ ನೀಲಿ ಗೆರೆ ಹಾಕುತ್ತವೆ, ಆದರೆ ಅದನ್ನು ಪೂರ್ತಿ ನಂಬಬೇಡಿ. ಪತ್ರ ಮುಗಿದ ಮೇಲೆ ನಿಮಗೆ ಕಷ್ಟ ಕೊಡುವ ಪದಗಳನ್ನು ಒಂದೊಂದಾಗಿ ಹುಡುಕುವ ಬಾಕ್ಸಿನಲ್ಲಿ ಹಾಕಿ, ಬಂದ ಕಡೆಯೆಲ್ಲ ನಿಂತು ನೋಡಿ. ಎರಡು ನಿಮಿಷದ ಕೆಲಸ.

ಪುಸ್ತಕದ ಪಟ್ಟಿಯನ್ನು ಮುಚ್ಚಿಡಿ. ಒಂದು ಸಣ್ಣ ನೋಟ್‌ಬುಕ್ ಮಾಡಿ. ಅದರಲ್ಲಿ ನೀವೇ ತಪ್ಪಿದ ಪದಗಳು ಮಾತ್ರ ಇರಲಿ, ಹತ್ತಕ್ಕಿಂತ ಜಾಸ್ತಿ ಬೇಡ. ಒಂದು ಪುಟಕ್ಕೆ ಒಂದೇ ಪದ. ಅದರ ಜೋಡಿಯನ್ನು ಆ ಪುಟದಲ್ಲಿ ಬರೆಯಲೇಬೇಡಿ. ಪದದ ಕೆಳಗೆ ನಿಮ್ಮ ಆಫೀಸಿನದೇ ಒಂದು ವಾಕ್ಯ, ಆಮೇಲೆ ಅದರ ನೆಂಟ ಪದಗಳು. ಸ್ಟೇಷನರಿ ಪುಟದಲ್ಲಿ ಬೇಕರಿ ಇರಲಿ, ಅಸಲಿನ ಪುಟದಲ್ಲಿ ಫೈನಲ್ ಇರಲಿ. ಒಂದು ಪದ ಮೂರು ಪತ್ರದಲ್ಲಿ ನೋಡಿಕೊಳ್ಳದೆ ಸರಿ ಬಂದರೆ ಆ ಪುಟ ಹರಿದುಹಾಕಿ. ಆಮೇಲೆ ಬೇಕಾದರೆ ಅದರ ಜೋಡಿಗೆ ಬೇರೆ ಪುಟ ತೆಗೆಯಿರಿ. ಬಹಳ ಸಲ ಅದು ಬೇಕಾಗುವುದೇ ಇಲ್ಲ. ಒಬ್ಬ ಅವಳಿಯ ಗುರುತು ಸಿಕ್ಕರೆ ಉಳಿದವನು ಇನ್ನೊಬ್ಬನೇ ಅಲ್ವಾ.

ಇನ್ನು ನಿಮ್ಮ ವೀಕ್. ಶಕ್ತಿ ಇಲ್ಲದ್ದು ಇ-ಎ. ಈ ಇ-ಎ ಇರುವ ಪದಗಳನ್ನು ಹಿಂದೆ ‘ಏ’ಗೆ ಹತ್ತಿರವಾಗಿ ಹೇಳುತ್ತಿದ್ದರು. ಸಮುದ್ರ ‘ಸೇ’, ಮಾಂಸ ‘ಮೇಟ್’, ಇದು ‘ವೇಕ್’. ಮುರಿಯುವ ಬ್ರೇಕ್, ಗ್ರೇಟ್ ಇವತ್ತಿಗೂ ಆ ‘ಏ’ಯನ್ನು ಉಳಿಸಿಕೊಂಡಿರುವ ಅಪರೂಪದ ಪದಗಳ ಸಾಲಿನಲ್ಲಿವೆ. ವಾರದ ವೀಕ್‌ಗೆ ಎರಡು ಇ. ವಾರಕ್ಕೆ ಎಷ್ಟು ದಿನ? ಏಳು. ಏಳನ್ನು ಇಂಗ್ಲಿಷಿನಲ್ಲಿ ನಿಮ್ಮ ಹಾಳೆಯ ಮೇಲೆ ಬರೆಯಿರಿ, ಎಸ್-ಇ-ವಿ-ಇ-ಎನ್. ಅದರಲ್ಲೂ ಎರಡು ಇ.